ಹಳೇ ಮನೆಗೊಂದು ಬಾಣಂತನ

ಒಳಮನೆ ಮಾತು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಕಟ್ಟಿದ ಮನೆಯನ್ನು ಅರ್ಧ ಶತಮಾನ ಕಳೆದ ಮೇಲೆ ರಿಪೇರಿ ಮಾಡಿ ನೋಡು ಎಂಬ ಮೂರನೆಯ ಮಾತನ್ನು ಯಾಕೋ ಸೇರಿಸಲಿಲ್ಲ. ಪ್ರಾಯಶಃ ಅದನ್ನು ಅನುಭವಿಸಿದವರಿಗೆ ಗಾದೆ ಕಟ್ಟುವಷ್ಟು ತ್ರಾಣ ಉಳಿದಿರಲಿಲ್ಲವೋ ಏನೋ!

ಕಳೆದ ಬೇಸಿಗೆಯಲ್ಲಿ ಎರಡು ಸಂಚಿಕೆಗಳಿಗೆ ನಾನು ಬರೆಯಲಿಲ್ಲ. "ಅಕ್ಕಾ, ಹುಷಾರಿಲ್ಲವೇ?" ಎಂದು ಕೆಲವು ಸೋದರಿಯರು ಕಾಗದ ಬರೆದು ಕೇಳಿದ್ದರು. ಹುಷಾರಿಲ್ಲದಿದ್ದದ್ದು ನನಗಲ್ಲ, ನಮ್ಮ ಮನೆಗೆ. ಅದರ ಕಥೆಯನ್ನೇ ಇವತ್ತು ಹೇಳುತ್ತೇನೆ. ಜೊತೆಗೆ ಸಾವಿರಾರು ಮೈಲಿ ದೂರದ ಇನ್ನೊಂದು ಕಡಲತೀರದ ಮನೆಯ ಕಥೆಯೂ ಇದೆ. ಎರಡನ್ನೂ ಕೇಳಿ, ಆಮೇಲೆ ನಿಮಗೇನು ಅನ್ನಿಸಿತು ಹೇಳಿ.

ನಮ್ಮದು ಕಾಪು ಕಡೆಯ ಮನೆ. ಸಮುದ್ರ ಕೂಗಳತೆಯಲ್ಲಿದೆ. 1968ರಲ್ಲಿ ಮಾವನವರು ಕಟ್ಟಿಸಿದ್ದು. ಆಗ ನಮ್ಮೂರಲ್ಲಿ ಎಲ್ಲಿ ನೋಡಿದರೂ ಹಂಚಿನ ಮಾಡು. ಮಾವ ಮುಂಬಯಿಯಲ್ಲಿ ಹತ್ತು ವರ್ಷ ದುಡಿದು ಬಂದವರು. ಅಲ್ಲಿಯ ಹೊಸ ಕಟ್ಟಡಗಳನ್ನು ನೋಡಿ ಕಣ್ಣು ತುಂಬಿಸಿಕೊಂಡಿದ್ದರು. ಕೆಂಪುಕಲ್ಲಿನ ಗೋಡೆಯ ಮೇಲೆ ಸಪಾಟಾದ ತಾರಸಿ, ಮುಂದುಗಡೆ ಇಡೀ ಮನೆಯ ಉದ್ದಕ್ಕೂ ನಾಲ್ಕಡಿ ಮುಂದೆ ಚಾಚಿದ ಚಜ್ಜ, ಎರಡು ತೆಳ್ಳನೆಯ ಗುಂಡು ಕಂಬ, ಹಿತ್ತಿಲ ಜಗಲಿಗೆ ಸಿಮೆಂಟಿನ ಜಾಲಿ, ಒಳಗೆ ಕಾಲಿಟ್ಟರೆ ತಣ್ಣಗೆನ್ನುವ ಕೆಂಪು ನೆಲ. ಒಂದು ಹೂವಿಲ್ಲ, ಬಳ್ಳಿಯಿಲ್ಲ, ಕೆತ್ತನೆಯಿಲ್ಲ. ಊರವರು "ಬೆಂಕಿಪೊಟ್ಟಣದ ಮನೆ" ಎಂದು ನಗುತ್ತಿದ್ದರಂತೆ. ನಾನು ಮದುವೆಯಾಗಿ ಬಂದಾಗಲೂ ನನಗೆ ಹಾಗೇ ಕಂಡಿತ್ತು. ತವರಿನ ಹಂಚಿನ ಮನೆಯನ್ನು ನೆನೆದು ಮೂಲೆಯಲ್ಲಿ ಕೂತು ಅತ್ತದ್ದೂ ಉಂಟು!

ಹೋದ ಮಳೆಗಾಲ ಮುಗಿದ ಮೇಲೆ ಒಂದು ಮಧ್ಯಾಹ್ನ, ಅತ್ತೆ ಚಜ್ಜದ ನೆರಳಲ್ಲಿ ಮೊರ ಹಿಡಿದು ಕೂತಿದ್ದರು. ಧಪ್ ಎಂದಿತು. ಅಂಗೈಯಗಲದ ಕಾಂಕ್ರೀಟ್ ಚಕ್ಕೆ ಅವರ ಪಕ್ಕದಲ್ಲೇ ಬಿದ್ದು ಪುಡಿಯಾಯಿತು. ತಲೆಯೆತ್ತಿ ನೋಡಿದರೆ ಚಜ್ಜದ ಹೊಟ್ಟೆಯಲ್ಲಿ ಕಬ್ಬಿಣದ ಸರಳುಗಳು ತುಕ್ಕು ಹಿಡಿದು ಪಕ್ಕೆಲುಬಿನ ಹಾಗೆ ಕಾಣುತ್ತಿವೆ. ಅತ್ತೆಗೆ 84 ವರ್ಷ. ಒಂದು ಗೇಣು ಆಚೆ ಕೂತಿದ್ದರೆ ಏನಾಗುತ್ತಿತ್ತು ಎಂದು ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ.

ಸುದ್ದಿ ಕೇಳಿ ಬಂದ ಕಂಟ್ರಾಕ್ಟರರು ಮನೆಗೆ ಒಂದು ಸುತ್ತು ಹಾಕಿ ತೀರ್ಪು ಕೊಟ್ಟೇಬಿಟ್ಟರು. "ಈ ಕಾಲದ ಮನೆಗಳಿಗೆ ಆಯುಸ್ಸೇ ಇಷ್ಟು ಅಮ್ಮಾ. ಚಜ್ಜ ಕಡಿದು ಹಾಕಿ, ಜಾಲಿ ಒಡೆದು ಗಾಜು ಕೂರಿಸಿ, ಮೇಲೆ ಇಡೀ ಮನೆಗೆ ಶೀಟ್ ಹೊದಿಸಿಬಿಡುವಾ. ಹೊಸ ಮನೆ ಥರಾ ಆಗ್ತದೆ." ಬೆಂಗಳೂರಿನಿಂದ ಮಗ ಫೋನಿನಲ್ಲಿ, "ಹೌದಮ್ಮಾ, ಎಸಿ ಹಾಕಿಸ್ಬೇಕಾದ್ರೆ ಎಲ್ಲಾ ಪ್ಯಾಕ್ ಆಗ್ಬೇಕು" ಎಂದ. ನಮ್ಮವರು ಎಂದಿನಂತೆ "ನಿಮಗೆ ಹೇಗೆ ಬೇಕೋ ಹಾಗೆ" ಎಂದು ಪೇಪರಿನ ಹಿಂದೆ ಮರೆಯಾದರು. ಅತ್ತೆ ಮಾತ್ರ ಒಂದು ಮಾತೂ ಆಡಲಿಲ್ಲ. ಅಡುಗೆಮನೆಗೆ ಹೋಗಿ ಕಿಟಕಿಯ ಹತ್ತಿರ ಕೂತುಬಿಟ್ಟರು.

ದೂರದ ಒಂದು ಮನೆ

ಆ ವಾರ ನನ್ನ ತಂಗಿಯ ಮಗಳು ಬಂದಿದ್ದಳು. ವಾಸ್ತುಶಿಲ್ಪ ಓದುವ ಹುಡುಗಿ. ಚಜ್ಜವನ್ನು ನೋಡಿ ಬೈಯುತ್ತಾಳೆ ಅಂದುಕೊಂಡರೆ, "ದೊಡ್ಡಮ್ಮಾ, ಇದನ್ನು ಒಡೀಬೇಡಿ. ನಿಮಗೆ ಇ-1027 ಗೊತ್ತಾ?" ಎಂದಳು. "ಏನದು, ಬಸ್ಸಿನ ನಂಬರೋ?" ಎಂದು ಕೇಳಿದೆ. ರಾತ್ರಿ ಊಟ ಆದ ಮೇಲೆ ಅವಳು ಚಿತ್ರ ತೋರಿಸುತ್ತಾ ಹೇಳಿದ ಕಥೆಯನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ಫ್ರಾನ್ಸ್ ದೇಶದ ದಕ್ಷಿಣದಲ್ಲಿ, ಮೆಡಿಟರೇನಿಯನ್ ಸಮುದ್ರದ ದಂಡೆಯಲ್ಲಿ ರೋಕ್‌ಬ್ರೂನ್-ಕ್ಯಾಪ್-ಮಾರ್ತಾಂ ಎಂಬ ಊರಿದೆ. ಅಲ್ಲಿ ಬಂಡೆಗಳ ಮೇಲೆ ಹಡಗು ಲಂಗರು ಹಾಕಿ ನಿಂತ ಹಾಗೆ ಒಂದು ಬಿಳಿ ಮನೆ. ಅದನ್ನು ರೂಪಿಸಿದವಳು ಐಲೀನ್ ಗ್ರೇ, 1878ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದವಳು. ಲಂಡನ್ನಿನಲ್ಲಿ ಚಿತ್ರಕಲೆ ಕಲಿತು, ಪ್ಯಾರಿಸಿಗೆ ಹೋಗಿ ಜಪಾನಿನ ಕುಶಲಕರ್ಮಿಯೊಬ್ಬನ ಹತ್ತಿರ ಅರಗಿನ ಕೆಲಸ ಅಭ್ಯಾಸ ಮಾಡಿ, ಪರದೆ, ಪೀಠೋಪಕರಣ, ನೆಲಹಾಸುಗಳಿಂದ ಹೆಸರು ಮಾಡಿದವಳು. ಮನೆ ಕಟ್ಟುವ ವಿದ್ಯೆಯನ್ನು ಯಾವ ಕಾಲೇಜಿನಲ್ಲೂ ಓದಲಿಲ್ಲ. ಆದರೆ 1926ರಲ್ಲಿ ಕೈಹಾಕಿ 1929ಕ್ಕೆ ಮನೆ ಮುಗಿಸಿದಳು. ಅಷ್ಟರಲ್ಲಿ ಅವಳ ವಯಸ್ಸು ಐವತ್ತು ದಾಟಿತ್ತು! "ನಮಗೆ ಇನ್ನೇನು ಕಲಿಯೋ ವಯಸ್ಸು ಬಿಡಿ" ಎನ್ನುವ ಸೋದರಿಯರು ಇದನ್ನು ಎರಡು ಸಲ ಓದಬೇಕು.

ಹೆಸರಿನ ಗುಟ್ಟು ಹೀಗಿದೆ. 'ಇ' ಎಂದರೆ ಐಲೀನ್. ಇಂಗ್ಲಿಷ್ ಅಕ್ಷರಮಾಲೆಯಲ್ಲಿ 10ನೆಯದು ಜೆ, 2ನೆಯದು ಬಿ, 7ನೆಯದು ಜಿ. ಅವಳ ಸ್ನೇಹಿತ, ವಾಸ್ತುಶಿಲ್ಪ ಪತ್ರಿಕೆಯ ಸಂಪಾದಕ ಜಾನ್ ಬಾದೋವಿಚಿಯ ಎರಡು ಅಕ್ಷರಗಳನ್ನು ತನ್ನ ಹೆಸರಿನ ಎರಡು ಅಕ್ಷರಗಳ ನಡುವೆ ಸೇರಿಸಿಕೊಂಡಳು, ಕೈ ಹಿಡಿದು ಅಪ್ಪಿಕೊಂಡ ಹಾಗೆ. ಅಲ್ಲಿಗೇ ನಿಲ್ಲಲಿಲ್ಲ, ಜಾಗವನ್ನೂ ಅವನ ಹೆಸರಿಗೇ ಮಾಡಿಸಿದಳು. ಕೆಲವು ವರ್ಷಕ್ಕೆ ಇಬ್ಬರೂ ಬೇರೆಯಾದರು. ಅವಳು ಬರಿಗೈಯಲ್ಲಿ ಹೊರಟುಹೋದಳು. ಕಾಗದದಲ್ಲಿ ಹೆಸರಿಲ್ಲದ ಮೇಲೆ ಏನು ಮಾಡುವುದು ಹೇಳಿ?

ಆ ಮನೆಯ ಒಳಗನ್ನು ಕೇಳಿದರೆ ನಿಮಗೇ ಗೊತ್ತಾಗುತ್ತದೆ, ಇದು ಮನೆಯೊಳಗೆ ದಿನ ಕಳೆದವರ ಯೋಚನೆ ಎಂದು. ಪ್ರತಿ ಕೋಣೆಯಿಂದಲೂ ಹೊರಗೆ ಹೋಗಲು ದಾರಿ. ಬಿಸಿಲು ಯಾವಾಗ ಎಲ್ಲಿ ಬೀಳುತ್ತದೆ, ಗಾಳಿ ಎಲ್ಲಿಂದ ಬರುತ್ತದೆ ಎಂದು ನೋಡಿ ನೋಡಿ ಕಿಟಕಿ ಇಟ್ಟಿದ್ದಾಳೆ. ಕಿಟಕಿಗಳ ಮುಂದೆ ಸರಿಸುವ ಬಾಗಿಲುಗಳು—ಬಿಸಿಲು ಹೊರಗೆ, ಗಾಳಿ ಒಳಗೆ. ಊಟದ ಮೇಜಿಗೆ ಬೆಂಡಿನ ಹೊದಿಕೆ—ತಟ್ಟೆ ಲೋಟ ಇಟ್ಟಾಗ ಸದ್ದಾಗಬಾರದಲ್ಲ! ಕನ್ನಡಿಗೆ ತೋಳಿನ ತುದಿಯಲ್ಲಿ ಇನ್ನೊಂದು ಪುಟ್ಟ ಕನ್ನಡಿ—ತಲೆಯ ಹಿಂಭಾಗ ನೋಡಿಕೊಳ್ಳಲು. ಬೇಕಾದ ಎತ್ತರಕ್ಕೆ ಏರಿಸಿ ಇಳಿಸುವ ದುಂಡು ಗಾಜಿನ ಮೇಜು. ಹಾಸಿಗೆಯಲ್ಲೇ ತಿಂಡಿ ತಿನ್ನುವ ತಂಗಿಗೋ ಅಕ್ಕನಿಗೋ ಹಾಸಿಗೆ ತುಂಬ ಚೂರು ಬೀಳದಿರಲಿ ಎಂದು ಮಾಡಿದ್ದಂತೆ. ಇವತ್ತಿಗೂ ಆ ಮೇಜು ಅಂಗಡಿಗಳಲ್ಲಿ ಮಾರಾಟವಾಗುತ್ತಿದೆ. ಬಾಗಿಲಲ್ಲಿ ಒಳಬರುವವರಿಗೆ 'ನಿಧಾನವಾಗಿ ಬನ್ನಿ' ಎಂದು ಗೋಡೆಯ ಮೇಲೇ ಬರೆಸಿದ್ದಾಳೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅಡುಗೆಮನೆ. ಆ ಕಡೆಯ ಹಳ್ಳಿ ಹೆಂಗಸರು ಬೇಸಿಗೆಯಲ್ಲಿ ಹೊರಗೆ, ಚಳಿಯಲ್ಲಿ ಒಳಗೆ ಅಡುಗೆ ಮಾಡುವ ರೂಢಿಯವರು. ಅದನ್ನು ನೋಡಿ ಐಲೀನ್ ಅಡುಗೆಮನೆಗೆ ಮಡಿಸುವ ಗಾಜಿನ ಬಾಗಿಲುಗಳನ್ನು ಇಟ್ಟಳು. ತೆರೆದರೆ ಹಿತ್ತಿಲು, ಮುಚ್ಚಿದರೆ ಅಡುಗೆಮನೆ. ಹೊಸ ಕಾಲದ ಮನೆಗೆ ಬುದ್ಧಿ ಬಂದದ್ದು ಹಳ್ಳಿಯ ಒಲೆಯಿಂದ, ನೋಡಿದಿರಾ?

ಪರರ ಗೋಡೆಯ ಮೇಲೆ ಚಿತ್ರ

ಮುಂದಿನ ಕಥೆ ಸಂಕಟದ್ದು. ಬಾದೋವಿಚಿಯ ಮನೆಗೆ ಬರುತ್ತಿದ್ದ ಅತಿಥಿಗಳಲ್ಲಿ ಲೆ ಕಾರ್ಬೂಸಿಯೇ ಒಬ್ಬ. ಹೌದು, ಮುಂದೆ 1950ರ ದಶಕದಲ್ಲಿ ನಮ್ಮ ಚಂಡೀಗಢವನ್ನು ರೂಪಿಸಿದ ಮಹಾಶಯನೇ. 1938 ಮತ್ತು 1939ರಲ್ಲಿ ಅವನು ಆ ಬಿಳಿ ಗೋಡೆಗಳ ಮೇಲೆ ದೊಡ್ಡ ದೊಡ್ಡ ಬಣ್ಣದ ಚಿತ್ರಗಳನ್ನು ಬರೆದುಬಿಟ್ಟ. ಬಾದೋವಿಚಿ ಒಪ್ಪಿದ್ದ, ಮನೆ ರೂಪಿಸಿದವಳನ್ನು ಯಾರೂ ಕೇಳಲಿಲ್ಲ. ವಿಷಯ ತಿಳಿದ ಐಲೀನಳಿಗೆ ಅದು ತನ್ನ ಮನೆಯ ಮೇಲೆ ಮಾಡಿದ ದೌರ್ಜನ್ಯವಾಗಿ ಕಂಡಿತು. ನಾವು ಮೂರು ದಿನ ಕೂತು ಹಾಕಿದ ರಂಗೋಲಿಯ ಮೇಲೆ ಬಂದ ನೆಂಟರು ತಮ್ಮ ರಂಗೋಲಿ ಎಳೆದರೆ ಹೇಗಿರುತ್ತೆ?

ಆಮೇಲೆ ಯುದ್ಧ ಬಂತು. ಸೈನಿಕರು ಆ ಗೋಡೆಗಳಿಗೇ ಗುರಿಯಿಟ್ಟು ಗುಂಡು ಹಾರಿಸಿದರು. 1956ರಲ್ಲಿ ಬಾದೋವಿಚಿ ತೀರಿಕೊಂಡ. ಮನೆ ಕೈ ಬದಲಾಯಿತು. ಪಕ್ಕದಲ್ಲೇ ಲೆ ಕಾರ್ಬೂಸಿಯೇ ತನಗೊಂದು ಮರದ ಪುಟ್ಟ ಗುಡಿಸಲು ಕಟ್ಟಿಕೊಂಡಿದ್ದ. 1965ರ ಆಗಸ್ಟ್ 27ರಂದು ಅಲ್ಲಿಯ ಸಮುದ್ರದಲ್ಲೇ ಈಜುತ್ತಾ ಸತ್ತ. ಅಷ್ಟರಲ್ಲಿ ಅನೇಕರು ಆ ಬಿಳಿ ಮನೆಯೂ ಅವನದೇ ಕೆಲಸ ಅಥವಾ ಬಾದೋವಿಚಿಯದು ಎಂದೇ ನಂಬಿದ್ದರು. 1968ರಲ್ಲಿ—ನಮ್ಮ ಮನೆಯ ಗೃಹಪ್ರವೇಶ ಆದ ವರ್ಷವೇ—ಜೋಸೆಫ್ ರಿಕ್ವರ್ಟ್ ಎಂಬ ವಿದ್ವಾಂಸರು ಇಟಲಿಯ ಪತ್ರಿಕೆಯೊಂದರಲ್ಲಿ ಲೇಖನ ಬರೆದು ಐಲೀನಳ ಹೆಸರನ್ನು ಮತ್ತೆ ಬೆಳಕಿಗೆ ತಂದರು. ಆಗ ಅವಳಿಗೆ 90 ವರ್ಷ. 1976ರಲ್ಲಿ ತೀರಿಕೊಳ್ಳುವ ಮುನ್ನ ತನ್ನ ಹೆಸರು ತನಗೆ ವಾಪಸು ಬಂದದ್ದನ್ನಾದರೂ ಕಂಡಳಲ್ಲ, ಅಷ್ಟೇ ಸಮಾಧಾನ.

ಮನೆಯ ಗ್ರಹಚಾರ ಮಾತ್ರ ಮುಗಿಯಲಿಲ್ಲ. ಅವಳು ಮಾಡಿದ ಮೇಜು ಕುರ್ಚಿಗಳೆಲ್ಲ ಮಾರಿಹೋದವು. 1996ರಲ್ಲಿ ಆಗಿನ ಮಾಲೀಕರು ಆ ಮನೆಯಲ್ಲೇ ಕೊಲೆಯಾದರು. ಖಾಲಿ ಮನೆಗೆ ಪುಂಡರು ನುಗ್ಗಿದರು. ಉಪ್ಪುಗಾಳಿಗೆ ಕಾಂಕ್ರೀಟ್ ಬಿರಿಯಿತು, ಕಬ್ಬಿಣ ಕರಗಿತು. ಕೊನೆಗೆ 1999ರಲ್ಲಿ ಕಡಲತೀರ ರಕ್ಷಿಸುವ ಫ್ರೆಂಚ್ ಸರ್ಕಾರಿ ಸಂಸ್ಥೆ ಅದನ್ನು ಕೊಂಡಿತು. ಮರುವರ್ಷ ಅದು ರಾಷ್ಟ್ರೀಯ ಸ್ಮಾರಕವಾಯಿತು. ಮೊದಲ ಸುತ್ತಿನ ದುರಸ್ತಿ ಬಲ್ಲವರಿಗೆ ತೃಪ್ತಿ ಕೊಡಲಿಲ್ಲ. ಮತ್ತೆ ಕೂತು, ಹಳೆಯ ಫೋಟೋಗಳನ್ನು ಮುಂದಿಟ್ಟುಕೊಂಡು, ಕಾಂಕ್ರೀಟಿನ ಕಾಯಿಲೆಗೆ ಮದ್ದು ಮಾಡಿ, ಕಳೆದುಹೋದ ಸಾಮಾನುಗಳನ್ನು ಹಳೆಯ ಕ್ರಮದಲ್ಲೇ ಹೊಸದಾಗಿ ಮಾಡಿಸಿ, 2021ರಲ್ಲಿ ಮನೆಯನ್ನು ಜನರಿಗೆ ತೆರೆದರು. 1929ರಲ್ಲಿ ಹೇಗಿತ್ತೋ ಹಾಗೆ.

"ಹಾಗಾದರೆ ಆ ಚಿತ್ರಗಳನ್ನು ಅಳಿಸಿದರೇನು?" ಎಂದು ಕೇಳಿದೆ. "ಇಲ್ಲ ದೊಡ್ಡಮ್ಮಾ, ಅದೇ ಕಷ್ಟದ ಪ್ರಶ್ನೆ. ಆ ಚಿತ್ರಗಳಿದ್ದದ್ದರಿಂದಲೂ ಆ ಮನೆಗೆ ಬೆಲೆ ಬಂತು, ಉಳೀತು. ಅವನ್ನೂ ಉಳಿಸಿಕೊಂಡಿದ್ದಾರೆ" ಎಂದಳು ಹುಡುಗಿ. ನಮ್ಮ ಸಂಸಾರಗಳೂ ಹೀಗೇ ಅಲ್ಲವೇ? ಬೇಡವಾದದ್ದೂ ಎಷ್ಟೋ ಸೇರಿಕೊಂಡಿರುತ್ತದೆ. ಕಿತ್ತರೆ ಗೋಡೆಯೇ ಬರುತ್ತದೆ.

ಅತ್ತೆ ಬಾಯಿಬಿಟ್ಟರು

ನಾವು ಮಾತಾಡುತ್ತಿದ್ದದ್ದನ್ನು ಅತ್ತೆ ಅಡುಗೆಮನೆ ಹೊಸ್ತಿಲಲ್ಲಿ ಕೂತು ಕೇಳುತ್ತಿದ್ದರು. ಎಲ್ಲ ಮುಗಿದ ಮೇಲೆ ಮೆಲ್ಲಗೆ ಹೇಳಿದರು: "ಆ ಕಿಟಕಿ ನಾನೇ ಹೇಳಿ ಮಾಡಿಸಿದ್ದು."

ನಮ್ಮ ಅಡುಗೆಮನೆಯ ಪಡುವಣ ಕಿಟಕಿ ನೆಲದಿಂದ ಒಂದೂವರೆ ಅಡಿಗೇ ಶುರುವಾಗುತ್ತದೆ. ಇಷ್ಟು ವರ್ಷ ನಾನದನ್ನು ಮೇಸ್ತ್ರಿಯ ಅಳತೆ ತಪ್ಪಿದ್ದು ಎಂದೇ ತಿಳಿದಿದ್ದೆ. ಗ್ರಾನೈಟ್ ಕಟ್ಟೆ ಹಾಕಿಸಲು ಅದನ್ನು ಮುಚ್ಚಿಸಬೇಕು ಎಂದು ಕಂಟ್ರಾಕ್ಟರರಿಗೆ ಹೇಳಿದವಳೂ ನಾನೇ! ಅತ್ತೆ ಹೇಳಿದರು: "ಕಡೆಯುವ ಕಲ್ಲು ಇದ್ದದ್ದು ನೆಲದಲ್ಲಿ. ದಿನಾ ಎರಡು ಗಂಟೆ ನಾನು ಕೂತಿರುತ್ತಿದ್ದದ್ದು ಅಲ್ಲೇ. ಇಂಜಿನಿಯರು ಮೂರಡಿಗೆ ಕಿಟಕಿ ಇಡ್ತೇನೆ ಅಂದ. ಮೂರಡಿಗೆ ಇಟ್ಟರೆ ಗಾಳಿ ನಿಂತವರಿಗೆ, ಬೆವರು ಕೂತವರಿಗೆ. ನಿಮ್ಮ ಮಾವನ ಹತ್ತಿರ ಹಟ ಮಾಡಿ ಕೆಳಗೆ ಇಡಿಸಿದೆ. ಕೂತರೆ ಸಮುದ್ರ ಕಾಣ್ತದೆ. ರಾತ್ರಿ ದೀಪಸ್ತಂಭದ ಬೆಳಕು ಬಂದು ಹೋಗ್ತದೆ."

ಜಾಲಿಯೂ ಅವರದೇ. ಕಂಡಿಗಳ ತಳ ಹೊರಗಡೆಗೆ ಇಳಿಜಾರಾಗಿರಲಿ, ಇಲ್ಲದಿದ್ದರೆ ಮಳೆನೀರು ಒಳಗೆ ಬರುತ್ತದೆ ಎಂದು ಅಕ್ಕಿಹಿಟ್ಟು ಮಿದ್ದು ಮಾದರಿ ಮಾಡಿ ತೋರಿಸಿದ್ದರಂತೆ. ಚಜ್ಜದ ಕಾಂಕ್ರೀಟಿಗೆ ದುಡ್ಡು ಸಾಲದೆ ಹೋದಾಗ ಅವರ ಎರಡು ಬಳೆ ಹೋಗಿವೆ. ಮನೆ ಮಾತ್ರ ಮಾವನ ಹೆಸರಲ್ಲಿ, ಹೊಗಳಿಕೆ ಇಂಜಿನಿಯರಿಗೆ, "ಬೆಂಕಿಪೊಟ್ಟಣ" ಎಂಬ ನಗೆ ಎಲ್ಲರಿಗೂ! "ಇದನ್ನೆಲ್ಲ ಯಾಕೆ ಹೇಳಲಿಲ್ಲ ಅತ್ತೆ?" ಎಂದರೆ, "ಯಾರು ಕೇಳಿದ್ರು?" ಎಂದರು. ಮೂವತ್ತೆಂಟು ವರ್ಷ ಅದೇ ಅಡುಗೆಮನೆಯಲ್ಲಿ ಅವರ ಜೊತೆ ನಿಂತವಳು ನಾನು. ನನಗೆ ತಲೆ ಎತ್ತಲಾಗಲಿಲ್ಲ.

ಮರುದಿನ ಕಂಟ್ರಾಕ್ಟರರನ್ನು ಕೈಮುಗಿದು ಕಳಿಸಿಕೊಟ್ಟೆವು. ಕಟ್ಟಡದ ಬಲ ಲೆಕ್ಕ ಹಾಕಬಲ್ಲ ಸ್ಟ್ರಕ್ಚರಲ್ ಇಂಜಿನಿಯರೊಬ್ಬರನ್ನು ಕರೆಸಿ ನೋಡಿಸಿದೆವು. ಅವರು ಹೇಳಿದ್ದು: "ಮೂರನೇ ಎರಡು ಪಾಲು ಚಜ್ಜ ಗಟ್ಟಿಯಾಗಿದೆ. ಕಾಯಿಲೆ ಇದ್ದ ಕಡೆ ಮಾತ್ರ ಮದ್ದು ಸಾಕು."

ಉಪ್ಪು ಏನು ಮಾಡುತ್ತದೆ?

ಸಮುದ್ರದ ಹತ್ತಿರ ತಾರಸಿ ಮನೆ ಇರುವವರು ಇದನ್ನು ತಿಳಿದಿರಬೇಕು. ಒಳ್ಳೆಯ ಕಾಂಕ್ರೀಟ್ ಕ್ಷಾರ ಗುಣದ್ದು. ತನ್ನೊಳಗಿನ ಕಬ್ಬಿಣಕ್ಕೆ ಅದೇ ಕವಚ. ಗಾಳಿಯಲ್ಲಿ ಬರುವ ಉಪ್ಪು ತೇವದ ಜೊತೆ ಸೂಕ್ಷ್ಮ ರಂಧ್ರಗಳಲ್ಲಿ ಇಳಿದು ಆ ಕವಚವನ್ನು ಮುರಿಯುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಎಷ್ಟೋ ಹೆಚ್ಚು ಜಾಗ ಬೇಕು. ಬಿಗಿ ಮುಚ್ಚಳದ ಶೀಶೆಯಲ್ಲಿ ಕಡಲೆ ನೆನೆಹಾಕಿದರೆ ಉಬ್ಬಿ ಶೀಶೆ ಬಿರಿಯುವುದಿಲ್ಲವೇ? ಹಾಗೆಯೇ ಒಳಗಿನಿಂದ ಒತ್ತಿ ಚಕ್ಕೆ ಎಬ್ಬಿಸುತ್ತದೆ. ಅಂಥ ಕಡೆ ಮೇಲಿನಿಂದ ಸಿಮೆಂಟ್ ಮೆತ್ತಿ ಬಣ್ಣ ಬಳಿದರೆ ಹುಣ್ಣಿನ ಮೇಲೆ ಪೌಡರ್ ಹಾಕಿದ ಹಾಗೆ. ಎರಡು ಮಳೆಗಾಲಕ್ಕೆ ಮತ್ತೆ ಉದುರುತ್ತದೆ. ಹಿಂದೆ ನಾವೂ ಹಾಗೇ ಮೆತ್ತಿಸಿದ್ದೆವು. ಅತ್ತೆಯ ಪಕ್ಕದಲ್ಲಿ ಬಿದ್ದದ್ದು ಅದೇ ಚಕ್ಕೆ.

ನಾವು ಮಾಡಿಸಿದ ಕ್ರಮ ಹೀಗೆ:

ಮೊದಲು ಸಣ್ಣ ಸುತ್ತಿಗೆಯಿಂದ ಚಜ್ಜವನ್ನೆಲ್ಲ ಬಡಿದು ನೋಡಿದರು. ತೆಂಗಿನಕಾಯಿ ಬಡಿದು ನೋಡುತ್ತೇವಲ್ಲ, ಹಾಗೆ. 'ಟಣ್' ಎಂದರೆ ಗಟ್ಟಿ, 'ಟೊಪ್' ಎಂದರೆ ಒಳಗೆ ಪೊಳ್ಳು. ಪೊಳ್ಳಿದ್ದ ಕಡೆ ಸೀಮೆಸುಣ್ಣದ ಗುರುತು. ಚಜ್ಜಕ್ಕೆ ಕೆಳಗಿನಿಂದ ಮರದ ಊರೆ ಕೊಟ್ಟ ಮೇಲೆಯೇ ಕೆತ್ತನೆ ಶುರು. ಸರಳಿನ ಹಿಂಭಾಗವೂ ಕಾಣುವವರೆಗೆ ಕೆತ್ತಿ, ತುಕ್ಕನ್ನು ತಂತಿ ಬ್ರಷ್‌ನಿಂದ ಹೊಳೆಯುವ ತನಕ ಉಜ್ಜಿ, ಸಿಹಿನೀರಿನಲ್ಲಿ ತೊಳೆದು ಒಣಗಿಸಿದರು. ತೀರಾ ಸವೆದ ಸರಳಿಗೆ ಹೊಸ ಸರಳು ಜೋಡಿಸಿದರು. ಮೇಲೆ ತುಕ್ಕುನಿರೋಧಕ ಲೇಪ, ಆಮೇಲೆ ಪಾಲಿಮರ್ ಬೆರೆಸಿದ ಗಾರೆ. ಅದಕ್ಕೆ ಒದ್ದೆ ಗೋಣಿ ಹೊದಿಸಿ ಒಂದು ವಾರ ನೀರುಣಿಸಿದ್ದು ನಾನು ಮತ್ತು ಕೆಲಸಕ್ಕೆ ಬರುವ ಹುಡುಗಿ. ಬಾಣಂತಿಗೆ ಬಿಸಿನೀರು, ಹೊಸ ಗಾರೆಗೆ ತಣ್ಣೀರು—ತಪ್ಪಿಸಲೇಬಾರದು. ಮರಳಾಗಲಿ ನೀರಾಗಲಿ ಉಪ್ಪಿನದಾಗಬಾರದು. ಬೇಸಿಗೆಯಲ್ಲಿ ಬಾವಿ ಸವುಳಾಗುವ ಕಡೆಯಂತೂ ರುಚಿ ನೋಡಿಯೇ ಕೊಡಿ.

ತಾರಸಿಯ ನೀರು ನಿಲ್ಲುವ ಕಡೆ ಇಳಿಜಾರು ಸರಿಮಾಡಿಸಿ, ಇಕ್ಕಟ್ಟಾದ ನೀರಿನ ಕೊಳವೆಗಳನ್ನು ಅಗಲ ಮಾಡಿಸಿದೆವು. ಹಿಂದುಗಡೆಯ ಒಂದು ಭಾಗ ಏನು ಮಾಡಿದರೂ ಜಿನುಗುತ್ತಿತ್ತು. ನಮ್ಮ ಕಡೆಯ ಮಳೆ ನಿಮಗೆ ಗೊತ್ತು, ಹಟಕ್ಕೆ ಬಿದ್ದ ಮಳೆ! ಆ ಭಾಗಕ್ಕೆ ಮಾತ್ರ ತಗ್ಗಿನ ಶೀಟ್ ಹಾಕಿಸಿದೆವು, ಮುಂದಿನಿಂದ ಕಾಣದ ಹಾಗೆ, ಬೋಲ್ಟ್ ಬಿಚ್ಚಿದರೆ ಪೂರ್ತಿ ಕಳಚುವ ಹಾಗೆ. ಇದು ನಮ್ಮ ಹುಡುಗಿ ಹೇಳಿಕೊಟ್ಟ ಸೂತ್ರ: ಹಳೇ ಮನೆಗೆ ಏನನ್ನೇ ಸೇರಿಸಿದರೂ ನಾಳೆ ಬಿಚ್ಚಿ ತೆಗೆಯುವಂತಿರಲಿ, ಒಡೆದು ತೆಗೆಯುವಂತಿರಬಾರದು.

ಜಾಲಿ ಹಾಗೇ ಉಳಿಯಿತು. ಸೊಳ್ಳೆಗೆಂದು ಒಳಗಡೆ ಮರದ ಚೌಕಟ್ಟಿನ ಬಲೆ ಕೂರಿಸಿದ್ದೇವೆ. ಬೇಕಾದಾಗ ಎತ್ತಿ ತೊಳೆಯಬಹುದು. ಮಗನಿಗೆ ಎಸಿ ಬೇಕಿತ್ತಲ್ಲ? ಒಂದು ಮಲಗುವ ಕೋಣೆಗೆ ಹಾಕಿಸಿದೆವು. ಬಚ್ಚಲಿನಲ್ಲಿ ಅತ್ತೆ ಹಿಡಿದು ಏಳಲು ಸ್ಟೀಲಿನ ಹಿಡಿ, ಕೂರುವ ಕಮೋಡ್ ಬಂದವು. ಹಳೆಯದನ್ನು ಗೌರವಿಸುವುದೆಂದರೆ ಹಿರಿಯರನ್ನು ಜಾರಿಬೀಳಿಸುವುದಲ್ಲ. ಗ್ರಾನೈಟ್ ಕಟ್ಟೆಯನ್ನು ಮೂಡಣ ಗೋಡೆಗೆ ಸರಿಸಿದೆ. ನನಗೆ ಫ್ರಿಜ್ಜಿಗೆ ನಾಲ್ಕು ಹೆಜ್ಜೆ ಹೆಚ್ಚಾಯಿತು, ನಿಜ. ಕಿಟಕಿ ಉಳಿಯಿತು.

ಎಲ್ಲವನ್ನೂ ಸರಿಮಾಡಲಾಗಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಹದಿನೈದು ವರ್ಷದ ಹಿಂದೆ ನಾನೇ ಆಸೆಪಟ್ಟು ಹಜಾರದ ಕೆಂಪು ನೆಲದ ಮೇಲೆ ಹೊಳೆಯುವ ಟೈಲ್ಸ್ ಹಾಕಿಸಿದ್ದೆ. ಈಗ ಒಂದು ಮೂಲೆಯಲ್ಲಿ ಎಬ್ಬಿಸಿ ನೋಡಿದರೆ, ಅಂಟು ಹಿಡಿಯಲೆಂದು ಕೆಂಪು ನೆಲಕ್ಕೆಲ್ಲ ಉಳಿಯೇಟು ಹಾಕಿದ್ದಾರೆ! ಇನ್ನು ಅದು ಬಾರದು. ಟೈಲ್ಸ್ ಹಾಗೇ ಬಿಟ್ಟೆವು. ನನ್ನದೂ ಒಂದು ಚಿತ್ರ ಈ ಮನೆಯ ಮೇಲೆ ಉಳಿಯಲಿ ಎಂದುಕೊಂಡೆ.

ನಿಮಗಾಗಿ ನಾಲ್ಕು ಮಾತು

• ಗೋಡೆ, ಚಜ್ಜದ ಕೆಲಸವನ್ನು ಚಳಿಗಾಲದಲ್ಲೇ ಶುರುಮಾಡಿ. ಪತ್ತನಾಜೆ ಹತ್ತಿರ ಬಂದ ಮೇಲೆ ಏನನ್ನೂ ಕೆದಕಬೇಡಿ.

• ಕೆಂಪುಕಲ್ಲಿನ ಗೋಡೆ ತೇವ ಕುಡಿಯುತ್ತದೆ, ಬಿಡುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಬಣ್ಣ ಬಳಿದರೆ ತೇವ ಒಳಗೇ ಸಿಕ್ಕಿ ಬಣ್ಣ ಹಪ್ಪಳದಂತೆ ಏಳುತ್ತದೆ. ಸುಣ್ಣ ಅಥವಾ ಉಸಿರಾಡುವ ಬಣ್ಣ ಒಳ್ಳೆಯದು.

• ಸಮುದ್ರದ ಹತ್ತಿರ ಬಾಗಿಲ ತಿರುಗಣಿಗೆ ಹಿತ್ತಾಳೆ ಬಳಸಿ. ಸ್ಟೇನ್‌ಲೆಸ್ ಸ್ಟೀಲ್ ಎಂದರೆ ಎಲ್ಲ ಒಂದೇ ಅಲ್ಲ. 304ಕ್ಕಿಂತ 316 ನಂಬರಿನದು ಉಪ್ಪನ್ನು ಹೆಚ್ಚು ತಾಳುತ್ತದೆ. ಅಲ್ಯುಮಿನಿಯಂ ಚೌಕಟ್ಟಿಗೆ ಕಬ್ಬಿಣದ ಸ್ಕ್ರೂ ಹಾಕಿಸಬೇಡಿ. ಎರಡು ಲೋಹ, ಉಪ್ಪುನೀರು ಕೂಡಿದರೆ ಒಂದನ್ನೊಂದು ತಿನ್ನುತ್ತವೆ.

• ಉಳಿದ ಕೆಂಪು ನೆಲಕ್ಕೆ ಆಸಿಡ್ ತಾಗಿಸಬೇಡಿ. ಒರೆಸಿ ಒಣಗಿಸಿ, ಹಳೇ ಪಂಚೆಯ ತುಂಡಿಗೆ ನಾಲ್ಕು ಹನಿ ತೆಂಗಿನೆಣ್ಣೆ ಹಾಕಿ ತಿಕ್ಕಿದರೆ ಕನ್ನಡಿಯಾಗುತ್ತದೆ. ಹೆಚ್ಚು ಹಾಕಿದರೆ ಜಾರೀತು, ಜೋಕೆ!

• ಏನನ್ನಾದರೂ ಒಡೆಸುವ ಮುಂಚೆ ಫೋಟೋ ತೆಗೆದಿಡಿ. ಎಲ್ಲಕ್ಕಿಂತ ಮೊದಲು, ಅದು ಅಲ್ಲಿ ಯಾಕಿದೆ ಎಂದು ಮನೆಯ ಹಿರಿಯ ಹೆಂಗಸನ್ನು ಕೇಳಿ.

ಕೊನೆಯ ಮಾತು. ಮಕ್ಕಳಿಗೆ ಜಾತಕ ಬರೆಸಿಡುತ್ತೇವೆ, ಮನೆಗೆ ಯಾಕಿಲ್ಲ? ನಾನೊಂದು ಇನ್ನೂರು ಪುಟದ ನೋಟ್‌ಬುಕ್ ತಂದು ರಟ್ಟು ಹಾಕಿದ್ದೇನೆ. ಯಾವ ವರ್ಷ ಏನು ಕೆಲಸ, ಯಾವ ಬಣ್ಣ, ನೀರಿನ ಪೈಪು ಎಲ್ಲಿ ಹಾಯ್ದಿದೆ, ಎಲ್ಲ ಅದರಲ್ಲಿದೆ. ಮೊದಲ ಪುಟದಲ್ಲಿ ಬರೆದಿದ್ದೇನೆ: "ಅಡುಗೆಮನೆಯ ಪಡುವಣ ಕಿಟಕಿ, ಹಿತ್ತಿಲ ಜಾಲಿ—ಅತ್ತೆಯವರು ಯೋಚಿಸಿ ಮಾಡಿಸಿದ್ದು, 1968. ಚಜ್ಜ—ಅವರ ಎರಡು ಬಳೆ." ಅವರ ಪೂರ್ತಿ ಹೆಸರೂ ಅಲ್ಲಿದೆ. ಓದಿ ಹೇಳಿದಾಗ, "ಇದೆಲ್ಲ ಯಾಕೆ, ಪುಸ್ತಕ ದಂಡ" ಎಂದರು. ಆಮೇಲೆ ಸ್ವಲ್ಪ ಹೊತ್ತಿಗೆ, "ಬಳೆ ಎರಡಲ್ಲ, ಮೂರು. ಸರಿ ಮಾಡು" ಎಂದರು!

ಸರಿ ಮಾಡಿದ್ದೇನೆ. ನಿಮ್ಮ ಮನೆಯಲ್ಲೂ ಯಾರೋ ಹಟ ಹಿಡಿದು ಇಡಿಸಿದ ಕಿಟಕಿಯೋ ಗೂಡೋ ಕಟ್ಟೆಯೋ ಇದ್ದೀತು. ಕೇಳಿ ನೋಡಿ, ನನಗೂ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಮಳೆಗಾಲಕ್ಕೆ ಮುಂಚೆ ಹಪ್ಪಳ ಸಂಡಿಗೆ ಕೆಡದಂತೆ ತುಂಬಿಡುವ ಬಗ್ಗೆ ಮಾತಾಡೋಣ.